ಬೇಯಿಸಿದ ಮಣ್ಣು

ನನ್ನ ಗಂಡ ಮಣ್ಣು ಬೇಯಿಸುತ್ತಿದ್ದರು. ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆಯ ತಳಕ್ಕೆ ನೀರು, ಅದರೊಳಗೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಗೋಣಿತಟ್ಟಿನಲ್ಲಿ ಕಟ್ಟಿದ ಗದ್ದೆಮಣ್ಣು. ಇಡ್ಲಿಯ ಹಾಗೆ ಹಬೆಯಲ್ಲೇ ಬೇಯಬೇಕು, ಅದೂ ಒಂದು ಸಲವಲ್ಲ; ಆರಿಸಿ, ಮಾರನೆಯ ದಿನ ಮತ್ತೆ ಬೇಯಿಸಿ, ಮತ್ತೆ ಆರಿಸಿ. ಅವರ ಕಚೇರಿಯ ಲ್ಯಾಬಿನಲ್ಲಿ ಇದಕ್ಕೆಂದೇ ಒಂದು ಯಂತ್ರವಿತ್ತು. ಆದರೆ ಅದರ ಹೊಟ್ಟೆ ಚಿಕ್ಕದು, ಮೇಲಿನವರ ಸರದಿ ದೊಡ್ಡದು. ಹಾಗಾಗಿ ವಡೋದರಾದ ಫತೇಗಂಜ್‌ನಲ್ಲಿದ್ದ ನಮ್ಮ ಬಾಡಿಗೆ ಮನೆಯ ತಾರಸಿಯೇ ಅವರ ಲ್ಯಾಬ್ ಆಯಿತು.

“ಲೋಕದಲ್ಲಿ ಎಲ್ಲಾರೂ ಅನ್ನ ಬೇಯಿಸ್ತಾರೆ, ನನ್ನ ಮಗ ಮಣ್ಣು ಬೇಯಿಸ್ತಾನೆ. ಹುಳೀಗೇನು ಹಾಕ್ತೀಯೋ, ಕಲ್ಲಾ?” ಎಂದು ಅತ್ತೆ ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದರು. ಮೊಣಕಾಲು ನೋವಿನಿಂದ ಅವರು ತಾರಸಿಗೆ ಹತ್ತುತ್ತಿರಲಿಲ್ಲ. ಬಾಯಿ ಮಾತ್ರ ಹತ್ತಿ ಬರುತ್ತಿತ್ತು.

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಾರೆ. ನಾನು ಅದನ್ನೆಲ್ಲ ನಂಬುವವಳಲ್ಲ. ದಾಮೋದರ ಎಂದು ಅವರ ಹೆಸರು. ನಮ್ಮದು ಮೈಸೂರಿನ ಕಡೆಯ ನರಸೀಪುರ. ಅವರು ಗದ್ದೆಮಣ್ಣಿನ ಸಂಶೋಧನೆಯ ಕೆಲಸದ ಮೇಲೆ ಗುಜರಾತಿಗೆ ಬಂದಿದ್ದರು. ನಾನು ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಅತ್ತೆ ಪಾರ್ವತಮ್ಮ ನಮ್ಮ ಜೊತೆಗಿದ್ದರು. ಅವರ ದೊಡ್ಡ ಮಗ, ನನ್ನ ಭಾವ ಬಾಲಕೃಷ್ಣ, ಬ್ಯಾಂಕಿನ ವರ್ಗಾವಣೆಯಲ್ಲಿ ಅಹಮದಾಬಾದಿಗೆ ಬಂದು ನೆಲೆಸಿದ್ದರು. ನಾನು ಹೇಳುತ್ತಿರುವುದು ಅರವತ್ತೆಂಟನೆಯ ಇಸವಿಯ ಮಾತು.

ಆ ಮುಂಗಾರಿನಲ್ಲಿ ತಾರಸಿಯ ಮೇಲೆ ತಗಡಿನ ಮಾಡು ಹಾಕಿಸಿ, ಅದರಡಿ ಎರಡು ಸಾಲು ಕುಂಡಗಳನ್ನಿಟ್ಟು ಭತ್ತದ ಸಸಿ ನೆಟ್ಟರು. ಎರಡೂ ಸಾಲಿಗೆ ಒಂದೇ ಗದ್ದೆಯ ಮಣ್ಣು, ಒಂದೇ ತಳಿ. ವ್ಯತ್ಯಾಸ ಒಂದೇ: ಒಂದು ಸಾಲಿನದು ಹಸಿ ಮಣ್ಣು, ಇನ್ನೊಂದರದು ಬೇಯಿಸಿದ್ದು.

“ಯಾಕೆ ಈ ಹಿಂಸೆ? ಮಣ್ಣು ಮಣ್ಣೇ ತಾನೆ?” ಎಂದು ಕೇಳಿದ್ದೆ. ಉತ್ತರ ಸ್ವಲ್ಪ ಗೊತ್ತಿತ್ತು. ಅವರು ಹೇಳುವುದನ್ನು ಕೇಳಬೇಕಿತ್ತು, ಅಷ್ಟೆ.

“ಬೇರು ತಾನಾಗೇ ಊಟ ಮಾಡೋಲ್ಲ ಹೇಮ. ಮಣ್ಣಲ್ಲಿ ಎಲ್ಲಾ ಇರತ್ತೆ, ಉಗ್ರಾಣದಲ್ಲಿ ದಿನಸಿ ಇದ್ದ ಹಾಗೆ. ಅಕ್ಕಿ ಮೂಟೆ ಮುಂದೆ ಕೂತ್ರೆ ಹೊಟ್ಟೆ ತುಂಬತ್ತಾ? ಬೇಯಿಸಿ ಬಡಿಸೋರು ಬೇಕು. ಬೇರಿನ ಸುತ್ತ ಕಣ್ಣಿಗೆ ಕಾಣದ ಜೀವ ಕೋಟಿಗಟ್ಲೆ ಇರ್ತವೆ. ಒಂದು ಜಾತಿ ಗಾಳೀಲಿರೋ ಸಾರಜನಕ ಹಿಡಿದು ಕೊಡತ್ತೆ, ಇನ್ನೊಂದು ಮಣ್ಣಲ್ಲಿ ಗಟ್ಟಿಯಾಗಿ ಕೂತಿರೋ ರಂಜಕ ಕರಗಿಸಿ ಕೊಡತ್ತೆ. ಅದಕ್ಕೆ ಪ್ರತಿಯಾಗಿ ಬೇರು ಅವಕ್ಕೆ ಸಿಹಿ ಒಸರತ್ತೆ. ಕೊಡೋದು, ತಗೊಳ್ಳೋದು.”

“ಬೇಯಿಸಿದ ಮಣ್ಣಲ್ಲಿ?”

“ಬಡಿಸೋರನ್ನೆಲ್ಲ ನಾನೇ ಕೊಂದುಬಿಟ್ಟಿದೀನಲ್ಲ” ಎಂದು ನಕ್ಕರು. “ಅಲ್ಲಿ ಪೈರು ಪಂಕ್ತೀಲಿ ಎಲೆ ಹಾಕ್ಕೊಂಡು ಕಾಯ್ತಾ ಕೂತಿರತ್ತೆ, ಪಾಪ.”

ಬೇಯಿಸಿದ ಸಾಲಿನ ಸಸಿಗಳು ಮೊದಲು ಚೆನ್ನಾಗಿಯೇ ಎದ್ದವು. ಅದು ಸತ್ತ ಜೀವಗಳ ಆಸ್ತಿ ತಿಂದು ಬಂದ ಕೊಬ್ಬು, ನಾಲ್ಕು ದಿನ ಇರುತ್ತದೆ ಎಂದರು. ಹಾಗೆಯೇ ಆಯಿತು. ಜುಲೈ ಮುಗಿಯುವ ಹೊತ್ತಿಗೆ ಹಸಿ ಮಣ್ಣಿನ ಸಾಲು ಬುಡದಿಂದ ತೆಂಡೆ, ಅಂದರೆ ಹೊಸ ಕವಲು, ಒಡೆದು ಕುಂಡ ತುಂಬಿತು. ಬೆಂದ ಮಣ್ಣಿನ ಸಾಲು ಕಾಮಾಲೆ ಬಂದ ಮಗುವಿನ ಹಾಗೆ ಹಳದಿಯಾಗಿ ನಿಂತಲ್ಲೇ ನಿಂತಿತು. ಅದರ ಕುಂಡಗಳ ಬಾಯಿಗೆ ಮೇಣದ ಕಾಗದ ಬಿಗಿದಿತ್ತು, ಸಸಿ ಹೊರಬರಲು ಮಾತ್ರ ತೂತು. ಅದಕ್ಕೆ ಕಾಯಿಸಿ ಆರಿಸಿದ ನೀರನ್ನೇ ಹಾಕಬೇಕು, ಬೇರೆ ಕೊಡದಿಂದ. ಅವರು ಊರಿನಲ್ಲಿಲ್ಲದಾಗ ಆ ಕೆಲಸ ನನ್ನದು.

ಇದರ ನಡುವೆ ಅವರು ಸೂರತ್ತಿನ ಕಡೆಯ ಗದ್ದೆಗಳಿಗೆ ಆಗಾಗ ಹೋಗಿಬರುತ್ತಿದ್ದರು. ಅಲ್ಲಿ ಪೈರು ಕಿತ್ತು, ಬೇರಿಗೆ ಅಂಟಿದ ಮಣ್ಣನ್ನು ತರುವುದು. ಬಂದರೆಂದರೆ ಮನೆಯ ತುಂಬ ಅವರ ಕ್ಯಾನ್ವಾಸ್ ಬೂಟಿನ ಕೆಸರು ಗುರುತು. ರಬ್ಬರ್ ಅಟ್ಟೆಯಲ್ಲಿ ಅಡ್ಡಡ್ಡ ಗೆರೆ, ಎಡಗಾಲಿನ ಹಿಮ್ಮಡಿಯಲ್ಲಿ ರಬ್ಬರ್ ಕಿತ್ತುಹೋಗಿ ಬೋಳಾದ ಒಂದು ಜಾಗ. ಅದನ್ನು ಒರೆಸಿ ಒರೆಸಿ ನನಗೆ ಅದರ ಚಿತ್ರ ಬಾಯಿಪಾಠವಾಗಿತ್ತು. “ಗುರುತು ಬಿಡದೆ ನಡೆಯೋಕೆ ಬರಲ್ವೇನ್ರೀ ನಿಮಗೆ?” ಎಂದು ರೇಗುತ್ತಿದ್ದೆ.

ವರಮಹಾಲಕ್ಷ್ಮಿ ಹಬ್ಬದ ಊಟ ಮುಗಿಸಿ, ಮುಂದಿನ ವಾರ ಅವರು ಮತ್ತೆ ಸೂರತ್ತಿಗೆ ಹೊರಟರು. ಹೊರಟಾಗ ನಾನು ಶಾಲೆಯಲ್ಲಿದ್ದೆ. ಆ ವಾರವೇ ತಾಪಿ ನದಿ ಉಕ್ಕಿ ಸೂರತ್ತಿನೊಳಗೆ ಬಂತು.

ನೀರು ಇಳಿದ ಮೇಲೆ ಭಾವ ಮತ್ತು ನಾನು ಸೂರತ್ತಿಗೆ ಹೋದೆವು. ಗೋಡೆಗಳ ಮೇಲೆ ನಮ್ಮ ತಲೆಗಿಂತ ಎತ್ತರದಲ್ಲಿ ಕೆಸರಿನ ಗೆರೆ. ಬೀದಿಯಲ್ಲಿ ಒದ್ದೆ ಹಾಸಿಗೆ, ಜರಿಯ ಸೀರೆ, ಸತ್ತ ಎಮ್ಮೆ, ಎಲ್ಲ ಒಂದೇ ಬಣ್ಣ. ಅವರು ಇಳಿದುಕೊಂಡಿದ್ದ ಧರ್ಮಶಾಲೆಯ ಮುದುಕ ಅವರನ್ನು ಮರೆತಿರಲಿಲ್ಲ. ನೀರು ಏರುತ್ತಿದೆ, ಹೋಗಬೇಡಿ ಎಂದಿದ್ದನಂತೆ. ಗದ್ದೆ ಮುಳುಗಿದರೆ ಬೇರು ಸಿಗುವುದಿಲ್ಲ ಎಂದು ಚೀಲ ಹೆಗಲಿಗೇರಿಸಿ ನದಿಯ ಕಡೆ ಹೊರಟರಂತೆ. ಅಷ್ಟೇ. ಆಸ್ಪತ್ರೆ, ಶಾಲೆ, ಛತ್ರ, ಎಲ್ಲ ಕಡೆ ಹುಡುಕಿದೆವು. ಮುಖದ ಮೇಲಿನ ಬಟ್ಟೆ ಸರಿಸಿ ತೋರಿಸಿದಾಗಲೆಲ್ಲ ಭಾವ ನನ್ನನ್ನು ಹಿಂದೆ ತಳ್ಳಿ ತಾವು ನೋಡುತ್ತಿದ್ದರು. ಅವರಲ್ಲ, ಅವರಲ್ಲ. ಪ್ರತಿ ಸಲ “ಅವನಲ್ಲಮ್ಮ” ಎಂದಾಗ ನನಗೆ ಸಂತೋಷವಾಗುತ್ತಿತ್ತು. ಬೇರೆ ಯಾರದೋ ಗಂಡ, ಯಾರದೋ ಮಗ ಅಲ್ಲಿ ಮಲಗಿದ್ದಾನೆ ಎಂಬ ಕನಿಕರವೂ ನನ್ನಲ್ಲಿ ಉಳಿದಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ: “ಸಿಕ್ಕಿಲ್ಲ ಅತ್ತೆ. ಸಿಕ್ಕಿಲ್ಲ ಅಂದ್ರೆ ಎಲ್ಲೋ ಇದಾರೆ ಅಂತ.”

ಅತ್ತೆ ನನ್ನ ಹಣೆಯನ್ನು ನೋಡಿದರು. “ಹೂಂ” ಎಂದರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಕುಂಡಗಳಿಗೆ ನೀರು ಹಾಕುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಹಸಿ ಸಾಲಿಗೆ ಈ ಕೊಡ, ಬೆಂದ ಸಾಲಿಗೆ ಆ ಕೊಡ. ಅವರು ಬಂದು ಕೇಳಿದರೆ ಉತ್ತರ ಕೊಡಬೇಕಲ್ಲ.

ಭಾವ ತಿಂಗಳು ತುಂಬುವ ಮೊದಲೇ ಅಹಮದಾಬಾದಿನಿಂದ ಬಂದರು. ಕಾಫಿ ಕುಡಿಯುವವರೆಗೂ ಹವೆಯ ಮಾತಾಡಿ, ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡರು.

“ನೋಡಮ್ಮ ಹೇಮ, ಪುರೋಹಿತರನ್ನ ಕೇಳಿದೆ. ದೇಹ ಸಿಗದೋರಿಗೂ ಒಂದು ಕ್ರಮ ಇದೆಯಂತೆ. ದರ್ಭೆ, ಮುತ್ತುಗದೆಲೇಲಿ ಆಕೃತಿ ಮಾಡಿ ಸಂಸ್ಕಾರ ಮಾಡ್ತಾರಂತೆ. ಇನ್ನೇನು ಪಿತೃಪಕ್ಷ ಬಂತು. ಆದ್ರೆ ಹೋದ ಅಂತ ಮನೆಯೋರು ಬಾಯ್ಬಿಟ್ಟು ಹೇಳ್ಬೇಕು. ಅದ್ರಲ್ಲೂ ನೀನು. ಇಲ್ದಿದ್ರೆ ಹನ್ನೆರಡು ವರ್ಷ ಕಾಯ್ಬೇಕು. ಅಲ್ಲಿ ತನಕ ಅವನು ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ.”

“ಅತ್ತೆ ತಡ್ಕೊಳಲ್ಲ ಭಾವ” ಎಂದೆ.

ಇಬ್ಬರೂ ಅತ್ತೆಯ ಕಡೆ ನೋಡಿದೆವು. ಅವರು ಮತ್ತೆ ನನ್ನ ಹಣೆಯನ್ನೇ ನೋಡುತ್ತ ಕೂತಿದ್ದರು.

“ಪೈರು ಕೊಯ್ಲಿಗೆ ಬರ್ಲಿ” ಎಂದೆ. “ಅವರೇ ಕೊಯ್ದು ತೂಗ್ತೀನಿ ಅಂದಿದಾರೆ. ಆಮೇಲೆ ನೋಡೋಣ.”

ಭಾವ ಒಳ್ಳೆಯವರು, ನನ್ನ ಬಾಯಿಗೆ ಸ್ವಲ್ಪ ಹೆದರುತ್ತಿದ್ದರು ಕೂಡ. ಸಂಜೆಯ ಗಾಡಿಗೆ ಹೊರಟುಹೋದರು.

ಗುರುತನ್ನು ಮೊದಲು ಕಂಡದ್ದು ಕೆಳಮನೆಯ ಒಡತಿ ಕಾಶೀಬೆನ್. ಒಣಗಲು ಹಾಕಿದ್ದ ಹಪ್ಪಳ ತರಲು ತಾರಸಿಗೆ ಹೋದವಳು ತಟ್ಟೆ ಅಲ್ಲೇ ಬಿಟ್ಟು ಇಳಿದು ಬಂದಿದ್ದಳು. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಕೈ ಹಿಡಿದು, “ಹೇಮಾಬೆನ್, ಊಪರ್ ಕೋಣ್ ಛೇ?” ಎಂದು ಪಿಸುಗುಟ್ಟಿದಳು. ಮೇಲೆ ಯಾರಿದ್ದಾರೆ? ಮೇಲೆ ಯಾರಿರುತ್ತಾರೆ, ಭತ್ತ ಇದೆ ಎಂದು ಗದರಿಸಿ ಹತ್ತಿದೆ.

ಬೆಂದ ಮಣ್ಣಿನ ಸಾಲಿನ ಮೊದಲ ಕುಂಡದ ಮುಂದೆ, ಗಾರೆಯ ಮೇಲೆ, ಒಂದು ಜೊತೆ ಬೂಟಿನ ಗುರುತು. ಕೆಸರುನೀರು ಆರಿ ಅಂಚು ಉಳಿದಿತ್ತು. ಅಡ್ಡಡ್ಡ ಗೆರೆ. ಎಡ ಹಿಮ್ಮಡಿಯಲ್ಲಿ ಬೋಳು ಜಾಗ. ಬಂದ ಗುರುತಿಲ್ಲ, ಹೋದ ಗುರುತಿಲ್ಲ. ಪಕ್ಕಪಕ್ಕದಲ್ಲಿ ಎರಡು ಕಾಲು, ಕುಂಡದ ಕಡೆ ಮುಖಮಾಡಿ, ಬಗ್ಗಿ ಪೈರು ನೋಡುತ್ತಾ ನಿಂತವರ ಹಾಗೆ.

ದೆವ್ವ ಭೂತ ಎಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಶಾಲೆಯಲ್ಲಿ ಹುಡುಗಿಯರು ಹುಣಸೆಮರದ ಕಥೆ ಹೇಳಿದರೆ ಹೊರಗೆ ನಿಲ್ಲಿಸುತ್ತಿದ್ದೆ. ಆ ಸಂಜೆ ನಾನು ಮಾಡಿದ್ದು ಇಷ್ಟು: ಅವರ ಬೂಟು ಇಡುತ್ತಿದ್ದ ಮೂಲೆಗೆ ಹೋಗಿ ನೋಡಿದೆ. ಅದು ಖಾಲಿ ಇತ್ತು. ಇರಲೇಬೇಕಲ್ಲ, ಅದನ್ನು ಹಾಕಿಕೊಂಡೇ ಅವರು ಸೂರತ್ತಿಗೆ ಹೋಗಿದ್ದರು. ಮತ್ತೆ ಮೇಲೆ ಹೋಗಿ ಗುರುತಿನ ಪಕ್ಕದಲ್ಲಿ ಕೂತೆ. ಒರೆಸಲಿಲ್ಲ.

ಅತ್ತೆಗೆ ಹೇಳಲಿಲ್ಲ. ಕಾಶೀಬೆನ್ ಮಾತ್ರ ಮಾರನೆಯ ದಿನದಿಂದ ಹಪ್ಪಳವನ್ನು ಬೀದಿಯಲ್ಲಿ ಒಣಗಿಸತೊಡಗಿದಳು.

ಆಮೇಲೆ ಅದು ದಿನವೂ ಬಂತು. ರಾತ್ರಿಯ ಇರಚಲಿಗೋ ಏನೋ ಬೆಳಿಗ್ಗೆ ಇರುವುದಿಲ್ಲ, ಸಂಜೆ ನಾನು ಶಾಲೆಯಿಂದ ಬಂದರೆ ಇರುತ್ತದೆ. ಒಂದು ದಿನ ಎರಡನೆಯ ಕುಂಡದ ಮುಂದೆ, ಇನ್ನೊಂದು ದಿನ ಅದರಾಚೆ. ಯಾವಾಗಲೂ ಬೆಂದ ಸಾಲಿನ ಮುಂದೆಯೇ. ಹಸಿ ಸಾಲಿನ ಕಡೆ ಕಾಲು ತಿರುಗಿದ್ದೇ ಇಲ್ಲ. ನನಗೆ ಅದರಲ್ಲೇನೂ ಆಶ್ಚರ್ಯ ಕಾಣಲಿಲ್ಲ. ಅವರ ಮನಸ್ಸಿದ್ದದ್ದೂ ಆ ಸಾಲಿನ ಮೇಲೆಯೇ ಅಲ್ಲವೇ?

ಮತ್ತೆ ಆ ಸಾಲು ಹಸಿರಾಗತೊಡಗಿತು.

ಮೊದಲು ನನ್ನ ಕಣ್ಣಿನ ಚಪಲ ಅಂದುಕೊಂಡೆ. ಎರಡು ವಾರದಲ್ಲಿ ಅನುಮಾನ ಉಳಿಯಲಿಲ್ಲ. ಮೊದಲ ಕುಂಡದಲ್ಲಿ ಸುಳಿಯಿಂದ ಹೊಸ ಗರಿ ಬಂತು, ಬುಡದಲ್ಲಿ ಹೊಸ ತೆಂಡೆ ಒಡೆಯಿತು. ಹಿಂದೆಯೇ ಎರಡನೆಯದು, ಮೂರನೆಯದು. ಬಡಿಸುವವರು ಇಲ್ಲದ ಪಂಕ್ತಿಯಲ್ಲಿ ಯಾರೋ ಬಡಿಸುತ್ತಿದ್ದರು. ನಾನು ಹಾಕುತ್ತಿದ್ದುದು ಅದೇ ಕಾಯಿಸಿದ ನೀರು, ಅದೇ ಕೊಡ. ನನ್ನ ಕಡೆಯಿಂದ ತಪ್ಪಾಗಿರಲಿಲ್ಲ, ಅದು ನನಗೆ ಗೊತ್ತು.

ಸತ್ತವರು ಗುರುತು ಬಿಡುವುದಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಸತ್ತವರು ಪೈರನ್ನು ಹಸಿರು ಮಾಡುವುದಿಲ್ಲ. ಆದ್ದರಿಂದ ಅವರು ಬದುಕಿದ್ದಾರೆ, ತಲೆಗೆ ಪೆಟ್ಟು ಬಿದ್ದು ಮನೆಯೊಳಗೆ ಬರಲು ನಾಚಿಕೆಯೋ ಭಯವೋ ಆಗಿ, ನಾನಿಲ್ಲದಾಗ ಹಿಂದಿನ ಮೆಟ್ಟಿಲಿಂದ ಬಂದು ನೋಡಿ ಹೋಗುತ್ತಾರೆ. ಬೇರೆ ಹೆಂಗಸು ಹೀಗೆ ಹೇಳಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದೆ. ತಾರಸಿಯ ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟೆ. ಅವರ ಪಂಚೆ ಒಗೆದು ಮಡಿಸಿ ಅಲ್ಲಿ ಗೂಟಕ್ಕೆ ಹಾಕಿದೆ. ಒಂದು ಸಂಜೆ ಗುರುತಿನ ಮುಂದೆ ನಿಂತು, “ಇಲ್ಲಿ ತನಕ ಬಂದೋರು ನಾಲ್ಕು ಮೆಟ್ಲು ಇಳಿದು ಬರಬಾರ್ದೇನ್ರೀ? ನಾನೇನು ಕಚ್ತೀನಾ?” ಎಂದು ಜೋರಾಗಿಯೇ ಕೇಳಿದೆ. ಕೆಳಗೆ ಕಾಶೀಬೆನ್ ಕಿಟಕಿ ಮುಚ್ಚಿಕೊಂಡ ಸದ್ದಾಯಿತು.

ಶಾಲೆಗೆ ರಜ ಹಾಕಿ ಕಾದು ನೋಡಬಹುದಿತ್ತು. ನೋಡಲಿಲ್ಲ. ಕಾದು ನೋಡಿ ಯಾರೂ ಬಾರದಿದ್ದರೆ?

ಪಿತೃಪಕ್ಷ ಶುರುವಾಯಿತು. ಭಾವ ಮತ್ತೆ ಹೇಳಿ ಕಳುಹಿಸಿದರು, ಅಮಾವಾಸ್ಯೆಯಾದರೂ ಆಗಲಿ ಎಂದು. ಒಂದು ಬೆಳಿಗ್ಗೆ ನನಗೆ ಹಟ ಬಂತು. ಭಾವನ ಮುಂದೆ ಇಡಲು ಒಂದು ಸಾಕ್ಷಿ ಬೇಕಿತ್ತು. ಬೆಂದ ಸಾಲಿನ ಎರಡನೆಯ ಕುಂಡದ ಮೇಣದ ಕಾಗದ ಸಡಿಲಿಸಿ, ಒಂದು ತೆಂಡೆಯನ್ನು ಬೇರುಸಹಿತ ಕಿತ್ತೆ. ಜುಲೈಯಲ್ಲಿ ಇದೇ ಸಾಲಿನ ಬೇರು ಕಿತ್ತಾಗ ಅದು ತೊಳೆದ ಶ್ಯಾವಿಗೆಯ ಹಾಗೆ ಬೋಳಾಗಿ ಬಂದಿತ್ತು. ಈಗ ಮಣ್ಣು ಬೇರನ್ನು ಬಿಡಲೊಲ್ಲದು. ಕಾಗದದ ಅಂಚಿನಲ್ಲಿ ಸಣ್ಣ ಕರಿ ಕಾಳುಗಳು ಅಂಟಿದ್ದವು, ಯಾವುದೋ ಹುಳದ ಮೊಟ್ಟೆಯಿರಬೇಕು. ಎರಡನ್ನೂ ಪೊಟ್ಟಣ ಕಟ್ಟಿ ಶಾಲೆಗೆ ಒಯ್ದೆ.

ಮಧ್ಯಾಹ್ನದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ಶಾಲೆಯ ಸೂಕ್ಷ್ಮದರ್ಶಕ ತೆಗೆದೆ. ಬೇರು ತೊಳೆದ ನೀರಿನ ಒಂದು ಹನಿ. ಹಿಂದೆ ಅವರ ಜೊತೆ ನೋಡಿದಾಗ ಬೆಂದ ಮಣ್ಣಿನ ಹನಿಯಲ್ಲಿ ಏನೂ ಕದಲುತ್ತಿರಲಿಲ್ಲ, ಊರು ಬಿಟ್ಟುಹೋದ ಬೀದಿಯ ಹಾಗಿತ್ತು. ಈಗ ಅದು ತುಂಬಿ ತುಳುಕುತ್ತಿತ್ತು. ಕಡ್ಡಿಯಂಥವು, ಚುಕ್ಕೆಯಂಥವು, ಸುರುಳಿಯಂಥವು ಒಂದನ್ನೊಂದು ದಾಟಿ ಓಡುತ್ತಿದ್ದವು. ಯಾರೋ ಜೀವ ತಂದು ಹಾಕಿದ್ದಾರೆ. ಹಾಕಲು ಗೊತ್ತಿದ್ದವರು ಒಬ್ಬರೇ. ಸಂತೋಷಕ್ಕೆ ನಾನು ಮೇಜು ಹಿಡಿದುಕೊಂಡೆ.

ಆಮೇಲೆ ಆ ಕರಿ ಕಾಳು. ಮಸೂರದಡಿ ಇಟ್ಟರೆ ಮೊಟ್ಟೆಯ ಹಾಗೆ ಕಾಣಲಿಲ್ಲ, ಒಂದು ತುದಿ ಚೂಪಾಗಿತ್ತು. ಕಾಗದದ ಮೇಲಿಟ್ಟು ಉಗುರಿನಿಂದ ಅರೆದೆ. ಕಾಗದದಲ್ಲಿ ಎಣ್ಣೆಯ ಕಲೆ ಹರಡಿತು. ಮೂಸಿ ನೋಡಿದೆ.

ಕರಿ ಎಳ್ಳು.

ನಮ್ಮ ಮನೆಯಲ್ಲಿ ಕರಿ ಎಳ್ಳು ತೆಗೆಯುವುದು ಒಂದೇ ಕೆಲಸಕ್ಕೆ. ಸಂಕ್ರಾಂತಿಗೆ ಬಿಳಿ ಎಳ್ಳು, ಉಂಡೆಗೆ ಬಿಳಿ ಎಳ್ಳು. ಕರಿಯದು ನೀರಿನ ಜೊತೆ, ಹೋದವರಿಗೆ. ಬದುಕಿರುವವರು ತಮಗೆ ತಾವು ಎಳ್ಳುನೀರು ಬಿಟ್ಟುಕೊಳ್ಳುವುದಿಲ್ಲ.

ಯಾರಿಗೂ ಹೇಳದೆ ಶಾಲೆಯಿಂದ ಹೊರಬಿದ್ದೆ. ದಾರಿಯುದ್ದಕ್ಕೂ ಒಂದೇ ಮಾತು ಬಾಯಲ್ಲಿ: ಹಾಗಾಗದಿರಲಿ, ಹಾಗಾಗದಿರಲಿ. ಏನು ಆಗದಿರಲಿ ಎಂದು ಕೇಳಿದ್ದರೆ ಹೇಳಲು ಗೊತ್ತಿರಲಿಲ್ಲ. ಕೆಳಗೆ ಕಾಶೀಬೆನ್ ಬಾಗಿಲಲ್ಲಿ ನಿಂತಿದ್ದಳು, ಕಣ್ಣಲ್ಲೇ ಮೇಲೆ ತೋರಿಸಿದಳು. ನಮ್ಮ ಮನೆಯ ಬಾಗಿಲು ತೆರೆದಿತ್ತು, ಒಳಗೆ ಅತ್ತೆ ಇರಲಿಲ್ಲ. ತಾರಸಿಯಿಂದ ನೀರು ಸುರಿಯುವ ಸದ್ದು, ಸಣ್ಣಗೆ ಯಾರದೋ ಮಾತು. ಮೆಟ್ಟಿಲು ಹತ್ತಿದೆ.

ಅತ್ತೆ ಬೆಂದ ಸಾಲಿನ ಕೊನೆಯ ಕುಂಡದ ಮುಂದೆ ಕೂತಿದ್ದರು. ಬಗ್ಗದ ಕಾಲನ್ನು ಮುಂದಕ್ಕೆ ಚಾಚಿಕೊಂಡಿದ್ದರು. ಎದುರಿಗೆ ನನ್ನ ಗಂಡ ಊಟಕ್ಕೆ ಕೂರುತ್ತಿದ್ದ ಮಣೆ, ಮಣೆಯ ಮೇಲೆ ಹಿತ್ತಾಳೆಯ ತಟ್ಟೆ, ತಟ್ಟೆಯಲ್ಲಿ ಕ್ಯಾನ್ವಾಸ್ ಬೂಟು. ಅದೇ ಬೂಟು. ಅತ್ತೆ ಎಳ್ಳು ಹಾಕಿದ ನೀರನ್ನು ಬೊಗಸೆಯಲ್ಲಿ ತುಂಬಿ, ಗಂಡಸರು ಬಿಡುವ ಹಾಗೆಯೇ ಹೆಬ್ಬೆರಳಿನ ಪಕ್ಕದಿಂದ ಬೂಟಿನ ಮೇಲೆ ಬಿಡುತ್ತಿದ್ದರು. ಅವರಿಗೆ ಮಂತ್ರ ಗೊತ್ತಿರಲಿಲ್ಲ. “ಕುಡಿ ಕಂದ. ದಾಮು, ಕುಡಿ. ನೆನ್ನೆ ತಡವಾಯ್ತು, ಕೋಪ ಮಾಡ್ಕೋಬೇಡ” ಎನ್ನುತ್ತಿದ್ದರು.

ಆಮೇಲೆ ಬೂಟನ್ನು ಎತ್ತಿ ಗಾರೆಯ ಮೇಲೆ, ಕುಂಡಕ್ಕೆ ಎದುರಾಗಿ, ಜೋಡಿಸಿ ಇಟ್ಟರು. ತಟ್ಟೆಯಲ್ಲಿ ಉಳಿದ ಕೆಸರುನೀರನ್ನು ಮೇಣದ ಕಾಗದದ ತೂತಿನಿಂದ ಪೈರಿನ ಬುಡಕ್ಕೆ ಬಗ್ಗಿಸಿದರು. ಒಂದು ತೊಟ್ಟೂ ಕೆಳಗೆ ಬೀಳಲಿಲ್ಲ.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. “ಏನ್ ಮಾಡ್ತಿದೀರ ಅತ್ತೆ? ಬದುಕಿರೋರಿಗೆ ಎಳ್ಳುನೀರು ಬಿಡ್ತಿದೀರಾ?” ಎಂದು ಕಿರುಚಿದೆ.

ಅವರು ಬೆಚ್ಚಿ ತಿರುಗಿದರು. ಬೂಟನ್ನು ಸೆರಗಿನಲ್ಲಿ ಮುಚ್ಚಲು ಹೋದರು, ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ. ಆಮೇಲೆ ಕೈಬಿಟ್ಟರು.

“ಬದುಕಿಲ್ಲ ಕಣೇ” ಎಂದರು. “ಸೂರತ್ತಿಂದ ನೀವು ಬರೋ ಮುಂಚೇನೇ ನಂಗೆ ಗೊತ್ತಿತ್ತು. ಹೆತ್ತ ಹೊಟ್ಟೆಗೆ ಯಾರೂ ಬಂದು ಹೇಳ್ಬೇಕಾಗಿಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ? ಭಾವ ಕೇಳ್ದಾಗ ಯಾಕೆ ಸುಮ್ನಿದ್ರಿ?”

“ಹೇಳಿದ್ರೆ ನಿನ್ನ ಕುಂಕುಮ ಒರೆಸ್ದ ಹಾಗೆ ಆಗ್ತಿತ್ತು. ಅದು ನನ್ನ ಕೈಲಿ ಆಗ್ಲಿಲ್ಲ.” ಅವರು ಸೆರಗಿನಿಂದ ಕೈ ಒರೆಸಿಕೊಂಡರು. “ನೀನು ಇದಾನೆ ಅಂತ ಇಷ್ಟಗಲ ಇಟ್ಕೊಂಡು ಓಡಾಡ್ತಿದ್ದೆ. ಇಟ್ಕೋಳ್ಲಿ ಅಂದ್ಕೊಂಡೆ. ಆದ್ರೆ ಅವನಿಗೆ ಹಸಿವು ಜಾಸ್ತಿ ಹೇಮ, ನಿಂಗೂ ಗೊತ್ತು. ಹನ್ನೆರಡು ವರ್ಷ ಯಾರೂ ಬಡಿಸ್ದೆ ಹೇಗಿರ್ತಾನೆ? ಹೆಂಗಸರು ಬಿಡ್ಬಾರ್ದು ಅಂತಾರೆ. ಬಿಡೋ ಗಂಡಸರು ನಿನ್ನ ಬಾಯಿ ಕಾಯ್ತಿದ್ರು. ನಾನೇ ಬಿಟ್ಟೆ.”

“ಈ ಬೂಟು...”

“ನಾನೇ ಕಣೇ ಬಿಡಿಸಿದ್ದು.” ಈಗ ಅವರು ಅತ್ತರು. “ಹೊರಟಾಗ ಇದನ್ನೇ ಹಾಕ್ಕೊಂಡಿದ್ದ. ಆಫೀಸರುಗಳ ಮುಂದೆ ಈ ಹರಕು ಹಾಕ್ಕೊಂಡು ಹೋಗ್ತೀಯಾ, ಮದುವೇಲಿ ಕೊಟ್ಟ ಚರ್ಮದ ಬೂಟು ಹಾಕ್ಕೋ ಅಂತ ಬೈದು ಹಾಕ್ಸಿದೆ. ಲಾಡಿ ಎಳೆದು ಬಿಗಿಯಾಗಿ ಕಟ್ಕೊಂಡ. ನೀರಲ್ಲಿ ಅದು ಬಿಚ್ಚೋಕಾಗತ್ತೇನೇ? ಕಲ್ಲು ಕಟ್ಟಿದ ಹಾಗೆ ಆಗಿರತ್ತೆ. ಇದಾಗಿದ್ರೆ ಕಾಲಿಂದ ಜಾರಿ ಹೋಗ್ತಿತ್ತು, ಅವನು ಈಜ್ತಿದ್ದ. ನರಸೀಪುರದಲ್ಲಿ ಹೊಳೆ ದಾಟಿದ ಹುಡುಗ ಅವನು.”

ಅವರು ಹೊರಟ ದಿನವೇ ಅತ್ತೆ ಆ ಬೂಟನ್ನು ತೊಳೆದಿಡೋಣವೆಂದು ಎತ್ತಿಟ್ಟಿದ್ದರಂತೆ. ತೊಳೆಯುವ ಮೊದಲೇ ಸುದ್ದಿ ಬಂತು. ಬಟ್ಟೆ ಸುತ್ತಿ ಟ್ರಂಕಿನಲ್ಲಿಟ್ಟರಂತೆ.

“ಈ ಕುಂಡಗಳಿಗೆ ಯಾಕೆ ಹಾಕಿದ್ರಿ?” ಎಂದೆ.

“ಮತ್ತೆಲ್ಲಿ ಚೆಲ್ಲಲಿ? ಕಾಲು ತೊಳೆದ ಪೂಜೆ ನೀರನ್ನ ಯಾರೂ ತುಳೀಬಾರ್ದು, ಗಿಡದ ಬುಡಕ್ಕೇ ಹಾಕ್ಬೇಕು. ಇಲ್ಲಿರೋದು ಅವನ ಗಿಡ ತಾನೆ? ಆ ಸಾಲು ಹೊಟ್ಟೆ ತುಂಬಿ ನಿಂತಿತ್ತು. ಈ ಬಡಪಾಯಿಗಳು ಸಾಯೋ ಹಾಗಿದ್ವು. ಇವಕ್ಕೇ ಹಾಕಿದೆ.”

ನಾನು ಬೂಟಿನ ಪಕ್ಕ ಕೂತೆ. ಬೂಟಿನ ಹೊಲಿಗೆಯಲ್ಲಿ, ಅಟ್ಟೆಯ ಗೆರೆಗಳಲ್ಲಿ, ಸೂರತ್ತಿನ ಗದ್ದೆಯ ಕರಿಮಣ್ಣು ಇನ್ನೂ ಕೂತಿತ್ತು. ಆ ಬೂಟು ಹಾಕಿಕೊಂಡು ಅವರು ಪೈರಿನ ಬುಡದಲ್ಲಿ ನಿಂತಿದ್ದರು, ಬೇರು ಕಿತ್ತಿದ್ದರು. ಬೇರಿನ ಸುತ್ತ ಇದ್ದ ಕೋಟಿ ಜೀವಗಳಲ್ಲಿ ಹಿಡಿಯಷ್ಟು ಅವರ ಕಾಲಿಗೆ ಅಂಟಿ ಮನೆಗೆ ಬಂದಿದ್ದವು. ಅತ್ತೆ ದಿನವೂ ಅವನ್ನು ಒಂದೊಂದು ಬೊಗಸೆ ನೀರಿನಲ್ಲಿ ಬಿಡಿಸಿ, ಮಗ ಕೈಯಾರೆ ಬೇಯಿಸಿ ಕೊಂದ ಮಣ್ಣಿಗೆ ಇಳಿಸಿದ್ದರು. ಅಂದು ನನ್ನ ಗಂಡ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಬಡಿಸುವವರು ಬಂದರು, ಪೈರು ಉಂಡಿತು. ಇದನ್ನು ಪ್ರಯೋಗ ಎಂದು ಯಾವ ಲ್ಯಾಬೂ ಒಪ್ಪುವುದಿಲ್ಲ, ಕುಂಡ ಕೆಟ್ಟಿತು ಎನ್ನುತ್ತಾರೆ. ಅದರ ಪರಿವೆ ನನಗಿರಲಿಲ್ಲ. ನಾನು ಬದುಕಿದ್ದಾರೆ ಎಂದು ಎದೆಗವಚಿಕೊಂಡಿದ್ದ ಒಂದೊಂದು ಹಸಿರು ಗರಿಯೂ ಅವರ ತಾಯಿ ಅವರ ಸಾವಿಗೆ ಬಿಟ್ಟ ನೀರಿನಿಂದ ಬೆಳೆದಿತ್ತು.

ಬೂಟು ಇಟ್ಟಲ್ಲಿ ಒದ್ದೆ ಹರಡಿ ಗುರುತು ಮೂಡುತ್ತಿತ್ತು. ಅಡ್ಡಡ್ಡ ಗೆರೆ, ಎಡ ಹಿಮ್ಮಡಿಯ ಬೋಳು.

ಕೊನೆಗೆ ನಾನು ತಂಬಿಗೆ ಎಳೆದುಕೊಂಡೆ. “ಎಳ್ಳು ಕೊಡಿ ಅತ್ತೆ” ಎಂದೆ. ಅವರು ನನ್ನ ಮುಖ ನೋಡಿದರು, ಈ ಸಲ ಹಣೆಯನ್ನಲ್ಲ, ಕಣ್ಣನ್ನು. ಒಂದು ಚಿಟಿಕೆ ಕೈಗೆ ಹಾಕಿದರು. ನಾನು ಬೊಗಸೆಯಲ್ಲಿ ನೀರು ತುಂಬಿಕೊಂಡೆ. “ಹೆಸರು ಹೇಳ್ಬೇಕು” ಎಂದರು ಅತ್ತೆ.

ಹೇಳಿದೆ.

ಮಾರನೆಯ ದಿನ ಅಂಚೆ ಕಚೇರಿಗೆ ಹೋಗಿ ಅಹಮದಾಬಾದಿಗೆ ಟ್ರಂಕ್ ಕರೆ ಮಾಡಿಸಿದೆ. ಗರಗರ ಸದ್ದಿನ ನಡುವೆ ಭಾವನ ಧ್ವನಿ ಬಂತು. “ಹೋದ್ರು ಭಾವ” ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಕೂಗಿ ಹೇಳಬೇಕಾಯಿತು. ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಕೊಯ್ಲಿನ ತನಕ ಮಾತ್ರ ತಡೆಯಿರಿ ಎಂದು ಕೇಳಿಕೊಂಡೆ. ಕಾರಣ ಹೇಳಿದೆ, ಭಾವ ಒಪ್ಪಿದರು. ದೀಪಾವಳಿ ಕಳೆದ ಮೇಲೆ ಪೈರು ಬಾಗಿತು. ಹಸಿ ಸಾಲಿನದನ್ನು ಅವರ ಕಚೇರಿಯವರು ಬಂದು ಕೊಯ್ದು ತೂಗಿ ಒಯ್ದರು. ಬೆಂದ ಸಾಲಿನದನ್ನು ಅತ್ತೆ ಮತ್ತು ನಾನು ಕುಡುಗೋಲಿನಿಂದ ಕೊಯ್ದು, ಒರಳಿನಲ್ಲಿ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿದೆವು. ತೆಂಡೆ ತಡವಾಗಿ ಒಡೆದದ್ದರಿಂದ ಅರ್ಧ ಜೊಳ್ಳು. ಅಕ್ಕಿ ಎಂದು ಉಳಿದದ್ದು ಎರಡು ಬೊಗಸೆ ಅಷ್ಟೆ.

ನರ್ಮದೆಯ ದಡದ ಚಾಂದೋದ್‌ಗೆ ಸಣ್ಣ ರೈಲಿನಲ್ಲಿ ಹೋದೆವು. ದರ್ಭೆ ಮತ್ತು ಮುತ್ತುಗದೆಲೆಯ ಆಕೃತಿ ಮಾಡಿದರು, ಭಾವ ಕೊಳ್ಳಿಯಿಟ್ಟರು. ಅದು ಒಣಗಿದ ಸೋಗೆಯ ಹಾಗೆ ಬೇಗ ಉರಿದುಹೋಯಿತು. ಮೆಟ್ಟಿಲ ಮೇಲೆ ಮೂರು ಕಲ್ಲು ಹೂಡಿ ಪಿಂಡದ ಅನ್ನವನ್ನು ನಾನೇ ಬೇಯಿಸಿದೆ. ಬೇರೆ ಅಕ್ಕಿ ಬೆರೆಸಲಿಲ್ಲ. ಅನ್ನಕ್ಕೆ ಎಳ್ಳಿನ ವಾಸನೆ ಬರುತ್ತದೆಯೋ ಎಂದು ಮೂಸಿ ನೋಡಿದೆ. ಇಲ್ಲ, ಅನ್ನದ ವಾಸನೆಯೇ.

ಭಾವ ಪಿಂಡ ಕಟ್ಟಿ ದರ್ಭೆಯ ಮೇಲಿಟ್ಟರು. ಅದು ಸಣ್ಣ ನಿಂಬೆಹಣ್ಣಿನಷ್ಟಿತ್ತು. ಪುರೋಹಿತರು ಮುಂದಿನ ಮಂತ್ರಕ್ಕೆ ಹೋಗುತ್ತಿದ್ದಂತೆ ಹಿಂದೆ ನಿಂತಿದ್ದ ಅತ್ತೆ ಒಂದು ಹೆಜ್ಜೆ ಮುಂದೆ ಬಂದರು.

“ಇನ್ನೊಂದ್ ಸ್ವಲ್ಪ ಬಡಿಸೋ ಬಾಲು” ಎಂದರು. “ಅಷ್ಟು ಅವನಿಗೆ ಸಾಲಲ್ಲ.”

ಭಾವ ತಲೆ ತಗ್ಗಿಸಿದರು. ಅವರ ಕೈಯಲ್ಲಿ ಇನ್ನೇನೂ ಇರಲಿಲ್ಲ. ನಾನು ಪಾತ್ರೆಯನ್ನು ವಾಲಿಸಿ, ತಳಕ್ಕೆ ಅಂಟಿದ್ದ ಅಗುಳನ್ನೆಲ್ಲ ಬೆರಳಿನಿಂದ ಬಳಿದು, ಯಾರನ್ನೂ ಕೇಳದೆ ಮುಂದೆ ಹೋಗಿ ಬಡಿಸಿದೆ.